ತೋಟದಾಚೆಗೆ ಕೇಳಿಸುವ ಹೆಸರು

ಅಡವಿಯಪ್ಪ: ನೀಲ್ ಅಂತೆ, ನೀಲ್! ಬಾಯಿ ತೆಗೆಯೋದ್ರೊಳಗೆ ಮುಗ್ದೇ ಹೋಯ್ತು. ಇದೂ ಒಂದು ಹೆಸರೇನಮ್ಮ?

ರೂಪಶ್ರೀ: ಈಗೆಲ್ಲ ಚಿಕ್ಕ ಹೆಸರೇ ಇಡೋದು ಮಾವ. ಕರೆಯೋಕೂ ಸುಲಭ, ಬರೆಯೋಕೂ ಸುಲಭ.

ಅಡವಿಯಪ್ಪ: ಬರೆಯೋಕೆ ಅಷ್ಟೊಂದು ಸೋಮಾರಿತನ ಆದ್ರೆ ಮಗೀಗೆ ಸ್ಕೂಲೇ ಬ್ಯಾಡ ಬುಡು.

ಗುಬ್ಬಿಯಿಂದ ನಾಲ್ಕು ಮೈಲಿ ದೂರದ ತೋಟದ ಮನೆಯ ಜಗಲಿಯಲ್ಲಿ ಬೆಳಗಿನ ಕಾಫಿಗೆ ಶುರುವಾದ ಈ ಜಗಳ, ರೊಟ್ಟಿ ತಿಂದು ಕೈ ತೊಳೆದರೂ ಮುಗಿದಿರಲಿಲ್ಲ. ನಾಳೆಯೇ ತೊಟ್ಟಿಲ ಶಾಸ್ತ್ರ. ಸೊಸೆ ರೂಪಶ್ರೀ ಬಾಣಂತನ ಮುಗಿಸಿಕೊಂಡು ಕುಣಿಗಲ್ಲಿನ ತವರಿನಿಂದ ನಿನ್ನೆಯಷ್ಟೇ ಬಂದಿದ್ದಳು. ಬರುವಾಗ ಮಗುವಿನ ಜೊತೆಗೆ ಮೊಬೈಲಿನಲ್ಲಿ ಒಂದು ಪಟ್ಟಿಯನ್ನೂ ತಂದಿದ್ದಳು. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ಮಗ ಚನ್ನೇಶ್ ಎರಡು ದಿನ ರಜೆ ಹಾಕಿ, ಅಪ್ಪ ಮಾತಾಡಿದಾಗ ಅಪ್ಪನಿಗೂ ಹೆಂಡತಿ ಮಾತಾಡಿದಾಗ ಹೆಂಡತಿಗೂ ತಲೆಯಾಡಿಸುತ್ತಾ ಕೂತಿದ್ದ.

ಅಡವಿಯಪ್ಪ: ಇನ್ನೇನೈತೆ ಆ ಪಟ್ಟೀಲಿ?

ರೂಪಶ್ರೀ: ಜೈ ಅಂತಿದೆ.

ಅಡವಿಯಪ್ಪ: ಯಾರಿಗೆ ಜೈ? ಮಗೀನ ಎಲೆಕ್ಷನ್ನಿಗೆ ನಿಲ್ಲಿಸ್ತೀಯಾ?

ರೂಪಶ್ರೀ: ಓಂ?

ಅಡವಿಯಪ್ಪ: ಓಂ ಅಂತ ಕರೆದು, 'ಲೇ, ಉಚ್ಚೆ ಹುಯ್ಕಂಡ್ಯಾ' ಅಂತ ಕೇಳೋಕಾಯ್ತದಾ? ಪಾಪ ಸುತ್ಕತದೆ.

ರೂಪಶ್ರೀ: ಅದಕ್ಕೇ ನೀಲ್ ಅಂದಿದ್ದು ಮಾವ. ನೀಲಕಂಠ ಇದ್ದಾನಲ್ಲ, ಅವನದೇ. ಶಿವನ ಹೆಸರು.

ಅಡವಿಯಪ್ಪ: ಕಂಠ ಕುಯ್ದು ಬಿಸಾಕಿ ಶಿವನ ಹೆಸರು ಅಂತೀಯಲ್ಲಮ್ಮ! ಏನ್ಲಾ ಚನ್ನೇಶ, ನಿನ್ ಬಾಯಲ್ಲೇನ್ ಕಡ್ಲೆ ಐತಾ?

ಚನ್ನೇಶ್: ನೀವ್ ಹೇಳೋದೂ ಸರೀನೇ ಅಪ್ಪ. ಅವ್ಳು ಹೇಳೋದೂ...

ಅಡುಗೆಮನೆಯಿಂದ ಅಡವಿಯಪ್ಪನವರ ಹೆಂಡತಿ ಸಿದ್ದಗಂಗಮ್ಮನ ದನಿ ಬಂತು.

ಸಿದ್ದಗಂಗಮ್ಮ: ಅವನನ್ನೇನ್ ಕೇಳ್ತೀರ? ಟೇಬಲ್ ಫ್ಯಾನು ಅವ್ನು. ಆ ಕಡೆಗೂ ಬೀಸ್ತಾನೆ, ಈ ಕಡೆಗೂ ಬೀಸ್ತಾನೆ.

ಅಡವಿಯಪ್ಪ: ನೋಡಮ್ಮ, ಈ ಮನೇಲಿ ಮೊದಲ್ನೇ ಗಂಡು ಮೊಮ್ಮಗೀಗೆ ತಾತನ ಹೆಸರೇ ಇಡೋದು. ನಂಗೂ ನಮ್ ತಾತನ ಹೆಸರೇ ಇಟ್ಟಿದ್ದು. ಹೆಸರು ಅಂದ್ರೆ ಕೂಗೋಕೆ ಇರೋದು. ಕೊನೇಲಿ ಎಳೆಯೋಕೆ ಒಂದು ಹಿಡಿ ಇರ್ಬೇಕು. ಅಡವಿಯಪ್ಪಾ...! ಎಷ್ಟುದ್ದ ಹೋಯ್ತು ನೋಡು! ನಿನ್ ನೀಲು ಎರಡ್ನೇ ತೆಂಗಿನ ಮರಕ್ಕೆ ಬಡಿದು ಬಿದ್ದೋಯ್ತದೆ.

ರೂಪಶ್ರೀ: ಈಗ ಯಾರ್ ಕೂಗ್ತಾರೆ ಮಾವ? ಫೋನ್ ಮಾಡ್ತಾರೆ.

ಅಡವಿಯಪ್ಪ: ಇಲ್ಲೆಲ್ಲೈತೆ ನೆಟ್‌ವರ್ಕು? ನಿನ್ನೆ ನಿನ್ ಗಂಡ ನೀರಿನ ಟ್ಯಾಂಕ್ ಮೇಲೆ ಹತ್ತಿ ನಿಂತು ಮಾತಾಡ್ಲಿಲ್ವಾ?

ಅಡವಿಯಪ್ಪನವರಿಗೆ ಹುರುಪು ಬಂತು. ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಮೆಟ್ಟಿದರು.

ಅಡವಿಯಪ್ಪ: ಟೆಸ್ಟ್ ಮಾಡೇ ಬುಡಾನ. ನಾನು ಆ ಕೊನೇಲಿ ಬೋರ್‌ವೆಲ್ ಹತ್ರ ಹೋಗಿ ನಿಂತ್ಕತೀನಿ. ಮೊದ್ಲು ನೀಲ್ ಅಂತ ಕೂಗಿ. ಆಮೇಲೆ ನನ್ ಹೆಸರು ಕೂಗಿ. ಯಾವುದ್ ಕೇಳುಸ್ತದೋ ಅದೇ ನಾಳೆ ತೊಟ್ಲಿಗೆ.

ಚನ್ನೇಶ್: ಅಪ್ಪ, ಆದ್ರೆ ನಿಮ್ ಹೆಸರನ್ನ...

ಅಡವಿಯಪ್ಪ: ಆದ್ರೆ ಗೀದ್ರೆ ಬ್ಯಾಡ. ಗಟ್ಟಿಯಾಗಿ ಕೂಗ್ಬೇಕು, ಅಷ್ಟೇಯ!

ಬೋರ್‌ವೆಲ್ಲಿನ ಪಕ್ಕ ನಿಂತು ಅಡವಿಯಪ್ಪನವರು ಕಿವಿಗೆ ಕೈ ಕೊಟ್ಟರು. 'ನೀಲ್!' ಎಂದು ಚನ್ನೇಶ್ ಕೂಗಿದ್ದು ಕೇಳಿಸಿತು. ಸುಳ್ಳೇಕೆ ಹೇಳಬೇಕು, ಸ್ಪಷ್ಟವಾಗಿಯೇ ಕೇಳಿಸಿತು. ಆದರೆ ಕೇಳಿಸಿತೆಂದು ಒಪ್ಪಿಕೊಳ್ಳಲು ಅವರೇನು ಅಷ್ಟು ದೂರ ನಡೆದು ಬಂದಿದ್ದರೇ? ಗರಿಗಳನ್ನು ಎಣಿಸುವವರ ಹಾಗೆ ಮೇಲೆ ನೋಡುತ್ತಾ ನಿಂತರು.

ಇನ್ನು ತನ್ನ ಹೆಸರಿನ ಸರದಿ. ಅವರು ಮತ್ತೆ ಕಿವಿಗೆ ಕೈ ಕೊಟ್ಟರು. ಹೆಸರು ಹಿಡಿದು ಕೂಗುತ್ತಿದ್ದವನು ಗೆಳೆಯ ಜುಂಜಪ್ಪ ಒಬ್ಬನೇ. ಅವನು ಹೋದ ವರ್ಷ ತೀರಿಕೊಂಡ. ಊರಿನವರಿಗೆ ಇವರು ಯಜಮಾನರು, ಮಗನಿಗೆ ಅಪ್ಪ, ಸೊಸೆಗೆ ಮಾವ. ಅಡವಿಯಪ್ಪ ಎಂಬವನೊಬ್ಬ ಇದ್ದಾನೆಂದು ಗೊತ್ತಿರುವುದು ಈಗ ಕರೆಂಟ್ ಬಿಲ್ಲಿಗೆ ಮಾತ್ರ. ಆ ಹೆಸರು ತಾನಿರುವಾಗಲೇ ಸತ್ತು ಹೋಗಬಾರದೆಂದು ಅವರಿಗೆ ತುಂಬ ಆಸೆಯಿತ್ತು.

ಕಾದರು. ಕೂಗು ಬರಲಿಲ್ಲ. ಕೈ ಬದಲಾಯಿಸಿ ಇನ್ನೊಂದು ಕಿವಿ ಕೊಟ್ಟರು. ಒಂದು ಕಾಗೆ ಕೂಗಿತು, ಅಷ್ಟೆ.

'ರೀ...!'

ಯಾಕೆ, ಏನು ಎಂದು ಯೋಚಿಸುವ ಮೊದಲೇ ಅಡವಿಯಪ್ಪನವರ ಕಾಲು ಓಡುತ್ತಿತ್ತು. ಪಾತಿಯ ಕೆಸರಿನಲ್ಲಿ ಎಡಗಾಲಿನ ಚಪ್ಪಲಿ ಉಳಿಯಿತು. ಒಂದೇ ಚಪ್ಪಲಿಯಲ್ಲಿ ಏದುಸಿರು ಬಿಡುತ್ತಾ ಅಂಗಳಕ್ಕೆ ಬಂದು ನಿಂತರು.

ಅಡವಿಯಪ್ಪ: ಏನಾಯ್ತೇ? ಮೊಮ್ಮಗ ಬಿದ್ನಾ?

ಸಿದ್ದಗಂಗಮ್ಮ: ಏನೂ ಆಗಿಲ್ಲ. ನಿದ್ದೆ ಮಾಡ್ತಾವ್ನೆ. ಕರೆದೆ, ಬಂದ್ರಿ.

ಅಡವಿಯಪ್ಪ: ಮತ್ತೆ ನನ್ ಹೆಸರು ಯಾಕ್ ಕೂಗ್ಲಿಲ್ಲ?

ಸಿದ್ದಗಂಗಮ್ಮ: ಯಾರ್ ಕೂಗ್ಬೇಕು? ಮಗ ಅಪ್ಪನ ಹೆಸರಿಡಿದು ಕೂಗ್ತಾನಾ? ಸೊಸೆ ಕೂಗ್ತಾಳಾ? ನಲವತ್ತೆರಡು ವರ್ಷದಿಂದ ಬಾಯಿಗೆ ತರದೇ ಇದ್ದೋಳು ನಾನ್ ಕೂಗ್ಲಾ? ಮೂರು ಜನಾನೂ ಮುಖ ಮುಖ ನೋಡ್ಕಂಡು ನಿಂತಿದ್ವಿ.

ಅಡವಿಯಪ್ಪನವರು ಉಳಿದಿದ್ದ ಒಂದು ಚಪ್ಪಲಿಯನ್ನೂ ಬಿಚ್ಚಿಟ್ಟರು.

ಸಿದ್ದಗಂಗಮ್ಮ: ನಾಳೆ ಅದೇ ಹೆಸರಿಟ್ರೆ ಮಗೀನ ನಾನೇನಂತ ಕರೀಲಿ? ಹೆತ್ತೋಳು ಏನಂತ ಕರೀಬೇಕು? ನಿಮ್ಗೆ ತಾತನ ಹೆಸರಿಟ್ರಲ್ಲ, ನಿಮ್ಮಜ್ಜಿ, ನಿಮ್ಮವ್ವ ಏನಂತ ಕರೀತಿದ್ರು?

ಅಡವಿಯಪ್ಪ: ...ಮರಿ ಅಂತ.

ಸಿದ್ದಗಂಗಮ್ಮ: ಮತ್ತೆ ಆ ಹೆಸರು ಯಾರ್ ಕೂಗ್ತಿದ್ರು?

ಅಡವಿಯಪ್ಪ: ಜುಂಜಪ್ಪ ಕೂಗ್ತಿದ್ದ. ಅವನನ್ನ ಬಿಟ್ರೆ ಸ್ಕೂಲಲ್ಲಿ ಮೇಷ್ಟ್ರು, ಹಾಜರಿ ಕೂಗೋವಾಗ.

ಅವರು ಜಗಲಿಯ ಮೇಲೆ ಕೂತುಬಿಟ್ಟರು. ಹೆಸರು ಉಳಿಯಲಿ ಎಂದು, ಯಾರೂ ಬಾಯಿಬಿಟ್ಟು ಕರೆಯಲಾಗದ ಕಡೆಗೇ ಅದನ್ನು ಇಡಲು ಹೊರಟಿದ್ದು ಅವರಿಗೆ ಈಗ ಹೊಳೆಯಿತು. ನಗುವೂ ಬಂತು, ಸಂಕಟವೂ ಆಯಿತು.

ಚನ್ನೇಶ್: ಅಪ್ಪ, ಅಮ್ಮ ಕೂಗಿದ್ದು ಎಷ್ಟಕ್ಷರ?

ಅಡವಿಯಪ್ಪ: ಗೊತ್ತಾಯ್ತು ಕಣ್ಲಾ, ಸುಮ್ನಿರು. ನೀಲ್ ಅಂತ್ಲೇ ಇಡಮ್ಮ. ಆ ಹೆಸರೂ ಕೇಳಿಸ್ತು. ಕೇಳಿಸ್ಲಿಲ್ಲ ಅಂತ ನಾಟಕ ಆಡ್ದೆ.

ರೂಪಶ್ರೀ ನಗಲಿಲ್ಲ. ಮಾವನ ಮುಖ ನೋಡಿದಳು. ಮೊಬೈಲಿನಲ್ಲಿ ಏನೋ ಬರೆದು ಅವರ ಕಣ್ಣ ಮುಂದೆ ಹಿಡಿದಳು.

ರೂಪಶ್ರೀ: ನಾನು ಹೇಳೋ ಹಾಗಿಲ್ಲ ಮಾವ, ನೀವೇ ಓದಿ. ಸ್ಕೂಲಿಗೆ ಸೇರಿಸುವಾಗ ಹೀಗೇ ಬರೆಸ್ತೀವಿ.

ಅಡವಿಯಪ್ಪ: ನೀಲ್... ಅಡವಿಯಪ್ಪ.

ರೂಪಶ್ರೀ: ದಿನಾ ಬೆಳಿಗ್ಗೆ ಮಿಸ್ ಹಾಜರಿ ಕೂಗ್ತಾರಲ್ಲ, ಅವರಿಗೆ ಯಾವ ಶಾಸ್ತ್ರಾನೂ ಅಡ್ಡ ಬರಲ್ಲ.

ಅಡವಿಯಪ್ಪನವರು ಇನ್ನೊಂದು ಸಲ ಓದಿದರು, ಈ ಸಲ ಗಟ್ಟಿಯಾಗಿ. ಕಣ್ಣು ಒರೆಸಿಕೊಂಡು, ಧೂಳು ಎಂದರು.

ಅಡವಿಯಪ್ಪ: ಹಂಗಾದ್ರೆ ದಿನಾ ನಾನೇ ಬಿಟ್ಬರ್ತೀನಿ. ಹಾಜರಿ ಕೂಗೋವರ್ಗೂ ಕಿಟಕಿ ಹತ್ರ ನಿಂತಿರ್ತೀನಿ.

ಸಿದ್ದಗಂಗಮ್ಮ: ನಿಂತ್ಕಳಿ, ಯಾರ್ ಬ್ಯಾಡಂದ್ರು? ಮಗೀಗಿಂತ ಮುಂಚೆ ನೀವೇ 'ಎಸ್ ಮಿಸ್' ಅನ್ಬೇಡಿ, ಅಷ್ಟೇಯ.