ಸಾಲ್ವಡಾರಿನಲ್ಲಿ ನಾನು ಸೂರ್ಯನನ್ನು ಮುಳುಗಿಸುತ್ತಿದ್ದ ಕಾಲ

ಸುದ್ದಿ ಅನ್ನುವುದು ಬೀದಿಯ ನಾಯಿಮರಿಯ ಹಾಗೆ. ನಾನು ಕರೆಯದಿದ್ದರೂ ನನ್ನ ಹಿಂದೆಯೇ ಬರುತ್ತದೆ. ನಮ್ಮೂರು ಕಾಪುವಿನಲ್ಲಿ ಬೇಲಿ ದಾಟಿ ಬರುತ್ತದೆ, ಭಾಷೆಯೇ ಗೊತ್ತಿಲ್ಲದ ಬ್ರೆಜಿಲಿನಲ್ಲಿ ಮೆಟ್ಟಿಲು ಇಳಿದು ಬಂತು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬ್ರೆಜಿಲಿಗೆ ಹೇಗೆ ಹೋದಳು ಅಂತ ಕೇಳುತ್ತೀರಿ. ಮೊಮ್ಮಗಳ ದೆಸೆಯಿಂದ. ಅವಳಿಗೆ ಮಣಿಪಾಲದ ಒಂದು ಆಫೀಸಿನಲ್ಲಿ ಕೆಲಸ. ಅಮೆರಿಕದ ಡಾಕ್ಟರರು ಮಾತಾಡಿದ್ದನ್ನು ಕಿವಿಗೆ ಹಾಕಿಕೊಂಡು ಟೈಪ್ ಮಾಡುವುದು. ಮಧ್ಯಾಹ್ನದಿಂದ ರಾತ್ರಿಯವರೆಗಿನ ಪಾಳಿ, ಮನೆಯಲ್ಲೇ ಕೂತು ಮಾಡಬಹುದು. ಅಷ್ಟರಲ್ಲಿ ಅವಳ ಗಂಡನಿಗೆ ಬ್ರೆಜಿಲಿನ ಸಾಲ್ವಡಾರ್ ಎಂಬ ಊರಿನ ಬಂದರಿನಲ್ಲಿ ಒಂದು ವರ್ಷದ ಕೆಲಸ ಸಿಕ್ಕಿತು. ಮೊಮ್ಮಗಳ ಆಫೀಸಿನದ್ದು ಒಂದೇ ನಿಯಮ. ಕೆಲಸ ಮನೆಯಿಂದ ಮಾಡಬಹುದು, ಆದರೆ ಆ ಮನೆ ಉಡುಪಿ ಜಿಲ್ಲೆಯೊಳಗೆ ಇರಬೇಕು. ವರ್ಷಗಟ್ಟಲೆ ಕಣ್ಣು ಹಾಳುಮಾಡಿಕೊಂಡು ಮೇಲೆ ಬಂದ ಕೆಲಸ. ಗಂಡನ ಹಿಂದೆ ಹೋಗಿ ಅಡುಗೆಮನೆ ಸೇರಲಿಕ್ಕೆ ಅವಳಿಗೆ ಮನಸ್ಸಿಲ್ಲ. ಹೇಳಿದರೆ ತೆಗೆಯುತ್ತಾರೆ ಅಂತ ಹೇಳದೆಯೇ ಹೋದಳು.

ಗಂಡ ವಾರಗಟ್ಟಲೆ ಹಡಗಿನ ಮೇಲೆ. ಇವಳಿಗೆ ಒಬ್ಬಳೇ ಇರಲಿಕ್ಕೆ ಬೇಸರ. ನನ್ನನ್ನು ಕರೆಸಿಕೊಂಡಳು. "ಊರಲ್ಲಿ ಮುಂಬೈಗೆ, ತಂಗಿಯ ಮನೆಗೆ ಅಂತ ಹೇಳಿ ಬನ್ನಿ ಅಜ್ಜಿ. ಒಂದು ಮಾತು ಹೊರಗೆ ಬಿದ್ದರೆ ನನ್ನ ಕೆಲಸ ಹೋಯಿತು" ಅಂದಳು. ನಮ್ಮ ಬೀದಿಯಿಂದ ಬ್ರೆಜಿಲಿಗೆ ಹೋಗುವ ಮೊದಲ ಹೆಂಗಸು ನಾನು, ಅದನ್ನು ಮೀನಿನವಳ ಹತ್ತಿರವೂ ಹೇಳುವ ಹಾಗಿಲ್ಲ. ಬೆಂದ ಗೆಣಸನ್ನು ಬಾಯಲ್ಲಿಟ್ಟುಕೊಂಡು ವಿಮಾನ ಹತ್ತಿದ ಹಾಗಾಯಿತು.

ಸೂರ್ಯನ ಚಾಕರಿ

ಸಾಲ್ವಡಾರ್ ನಮ್ಮ ಕಡೆಯ ಹಾಗೆಯೇ. ಕಡಲು ಉಂಟು, ತೆಂಗು ಉಂಟು, ಮರಗೆಣಸು ಉಂಟು. ರಸ್ತೆ ಬದಿಯಲ್ಲಿ ಹೆಂಗಸರು ಅಲಸಂಡೆ ರುಬ್ಬಿ ನಮ್ಮ ಅಂಬಡೆಯಂಥ ವಡೆಯನ್ನೇ ಎಣ್ಣೆಗೆ ಬಿಡುತ್ತಾರೆ. ಒಂದೇ ತೊಂದರೆ, ಹೊತ್ತು ಮಾತ್ರ ಬೇರೆ. ಮಣಿಪಾಲದಲ್ಲಿ ಕತ್ತಲಾಗುವಾಗ ಅಲ್ಲಿ ಬೆಳಗಿನ ಹತ್ತೂವರೆಯ ಉರಿಬಿಸಿಲು. ಆಫೀಸಿನ ಮೇಡಂ ಶಿರ್ವದವಳು, ಹದ್ದಿನ ಕಣ್ಣು. ವಿಡಿಯೋದಲ್ಲಿ ಎಲ್ಲರ ಹಿಂದೆ ಕತ್ತಲೆ, ನನ್ನ ಮೊಮ್ಮಗಳ ಹಿಂದೆ ಮಾತ್ರ ಬಿಸಿಲು ಹೊಳೆದರೆ ಸುಮ್ಮನೆ ಬಿಡುತ್ತಾಳಾ?

ಹಾಗಾಗಿ ದಿನಾ ಸೂರ್ಯನನ್ನು ಮುಳುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊತ್ತಾದ ಕೂಡಲೇ ಕಿಟಕಿಗೆ ಕಪ್ಪು ಕಂಬಳಿ ಕಟ್ಟುತ್ತಿದ್ದೆ. ಕತ್ತಲಾದ ಮೇಲೆ ದೀಪ ಇಡದೆ ಇರಲಿಕ್ಕಾಗುತ್ತದಾ? ಕೈಕಾಲು ತೊಳೆದು ದೇವರಿಗೆ ದೀಪವನ್ನೂ ಇಡುತ್ತಿದ್ದೆ. ದೇವರಿಗೆ ಗಲಿಬಿಲಿ ಆಗಿರಬೇಕು, ಪಾಪ.

ಎದುರು ಬಾಗಿಲಿನಲ್ಲಿ ನನ್ನ ಪ್ರಾಯದ ಒಬ್ಬ ಹೆಂಗಸು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಹಾಡಹಗಲಲ್ಲಿ ಈ ಮುದುಕಿ ಕಿಟಕಿ ಮುಚ್ಚಿ ಕತ್ತಲೆಯಲ್ಲಿ ಕೂರುವುದನ್ನು ಅವಳು ನಾಲ್ಕು ದಿನ ನೋಡಿದಳು. ಐದನೇ ದಿನ ಬಂದು, ನನ್ನ ಗಲ್ಲ ಸವರಿ, ಒಂದು ಕಪ್ಪು ಕನ್ನಡಕವನ್ನು ನನ್ನ ಮೂಗಿನ ಮೇಲೆ ಇಟ್ಟು ಹೋದಳು. ನನಗೆ ಬೆಳಕು ಆಗದ ಕಣ್ಣಿನ ರೋಗ ಅಂತ ತಿಳಿದಳು ಅಂತ ಕಾಣುತ್ತದೆ. ಆ ಕನ್ನಡಕ ಈಗಲೂ ಉಂಟು. ಅದನ್ನು ಹಾಕಿಕೊಂಡು ಬಂಗುಡೆಗೆ ಚೌಕಾಶಿ ಮಾಡಿದರೆ ಮೀನಿನವಳು ಬೇಗ ಸೋಲುತ್ತಾಳೆ.

ಕರೆಂಟ್ ಹೋಗದ ಮನೆ

ಊರಲ್ಲಿ ಮಳೆಗಾಲ ಜೋರಾಯಿತು. ಮೀಟಿಂಗ್ ನಡುವೆ ಬೆಳ್ಮಣ್ಣಿನ ಮನೆಯಿಂದ ಕೆಲಸ ಮಾಡುವವನ ಮುಖ ಮಾಯ. ಅವನು ಬರುವಷ್ಟರಲ್ಲಿ ಪಡುಬಿದ್ರಿಯವಳ ಮುಖ ಮಾಯ. ಎಲ್ಲ ಕಡೆ ಕರೆಂಟ್ ಹೋಗುತ್ತದೆ, ನಮ್ಮದು ಮಾತ್ರ ದೇವರ ದೀಪದ ಹಾಗೆ ಉರಿಯುತ್ತಿದೆ. ಒಂದು ದಿನ ಮೇಡಂ ಕೇಳಿಯೇ ಬಿಟ್ಟಳು, "ಕಾಪುವಿನಲ್ಲಿ ಎಂತ, ಕರೆಂಟ್ ಹೋಗುವುದೇ ಇಲ್ಲವಾ? ಲೈನ್‌ಮನ್ ನಿಮ್ಮ ಸಂಬಂಧದವನಾ?"

ಮೊಮ್ಮಗಳು ನಕ್ಕು ಹೇಗೋ ಮಾತು ತಪ್ಪಿಸಿದಳು. ಸುಳ್ಳಿಗೆ ಬೆಳಕಿನದ್ದೇ ಕಾಟ ಅಂತ ನನಗೆ ಅವತ್ತು ಗೊತ್ತಾಯಿತು. ಮರುದಿನದಿಂದ ಅವಳು ಕಣ್ಣು ಮಿಟುಕಿಸಿದರೆ ನಾನು ಹೋಗಿ ಮೈನ್ ಸ್ವಿಚ್ ತೆಗೆಯುವುದು. ಫ್ಯಾನೂ ನಿಂತು ಇಬ್ಬರೂ ಬೆವರಿನಲ್ಲಿ ಕೂರುವುದು. ನಾನು ಅಭ್ಯಾಸಬಲದಿಂದ ಕರೆಂಟಿನವರಿಗೆ ನಾಲ್ಕು ಬೈಯುವುದು.

ಒಂದು ದಿನ ಅವಳ ಗಂಡ ಹಡಗಿನಿಂದ ರಜೆಯಲ್ಲಿ ಬಂದ. ನೋಡಿದರೆ ಇಡೀ ಕಟ್ಟಡದಲ್ಲಿ ಬೆಳಕು, ಅವನ ಹೆಂಡತಿ ಮತ್ತು ಅಜ್ಜಿ ಮಾತ್ರ ಕಂಬಳಿ ಕಟ್ಟಿದ ಕೋಣೆಯಲ್ಲಿ ಬೀಸಣಿಗೆ ಬೀಸುತ್ತಾ ಕೂತಿದ್ದಾರೆ. ಎಂತ ಇದು ಅಂತ ಕೇಳಿದ. ಊರಿನ ನೆನಪಾಯಿತು ಮಾರಾಯ ಅಂದೆ. ಬೇರೆಯವರು ಊರಿನ ನೆನಪಾದರೆ ಪತ್ರೊಡೆ ಮಾಡುತ್ತಾರೆ, ನಾವು ಮೈನ್ ಸ್ವಿಚ್ ತೆಗೆಯುತ್ತಿದ್ದೆವು.

ಗೇರುಬೀಜದ ಹೊಗೆ

ನಾನು ಕಾರ್ಕಳದಲ್ಲಿ ಹುಟ್ಟಿ ಕಾಪುವಿಗೆ ಸೊಸೆಯಾಗಿ ಬಂದವಳು. ಗೇರುಬೀಜ ಅಂದರೆ ನಮಗೆ ಬಂಗಾರ. ಎದುರು ಬಾಗಿಲಿನವಳು ಗೇರುಹಣ್ಣಿನ ರಸ ತೆಗೆದು ಬೀಜವನ್ನು ಕಸಕ್ಕೆ ಹಾಕುವುದನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ಎಲ್ಲ ಹೆಕ್ಕಿ ತಂದು, ಮೊಮ್ಮಗಳು ಕಿವಿಗೆ ಡಾಕ್ಟರರನ್ನು ಹಾಕಿಕೊಂಡು ಕೂತಿದ್ದಾಗ, ಕಬ್ಬಿಣದ ಬಾಣಲೆಯಲ್ಲಿ ಹುರಿಯಲಿಕ್ಕೆ ಇಟ್ಟೆ. ಅಂಗಳದಲ್ಲಿ ಸುಡುವುದನ್ನು ಅಡುಗೆಮನೆಯಲ್ಲಿ ಸುಟ್ಟರೆ ಎಂತ ಆಗುತ್ತದೆ ಅಂತ ಗೊತ್ತಿರಲಿಲ್ಲ. ಸಿಪ್ಪೆಯ ಎಣ್ಣೆ ಸಿಡಿಯಿತು, ಕಪ್ಪು ಹೊಗೆ ಎದ್ದಿತು, ಕಟ್ಟಡದ ಬೆಂಕಿಯ ಗಂಟೆ ಬಡಿದುಕೊಂಡಿತು. ಎಲ್ಲರೂ ಮೆಟ್ಟಿಲಲ್ಲಿ ಓಡಿದರು.

ನಮ್ಮದು ಮೂರನೇ ಮಾಳಿಗೆ. ಐದನೇ ಮಾಳಿಗೆಯಲ್ಲಿ ಹೆಂಡತಿಯೊಂದಿಗೆ ಇರುವ ಒಬ್ಬ ಗಂಡಸು ಉಂಟು, ನಿತ್ಯ ಟೈ ಕಟ್ಟಿ ದೊಡ್ಡ ಮನುಷ್ಯನ ಹಾಗೆ ಇಳಿಯುವವ. ಅವತ್ತು ಅವನು ನಮ್ಮ ಪಕ್ಕದ ಬಾಗಿಲಿನಿಂದ ಹೊರಗೆ ಬಂದ, ಅಂಗಿ ಒಳಮೈ ಹೊರಮೈ. ಹಿಂದೆಯೇ ಆ ಮನೆಯ ಒಂಟಿ ಹೆಂಗಸು, ಕೈಯಲ್ಲಿ ಅವನ ಟೈ. ಅದೇ ಹೊತ್ತಿಗೆ ಮೇಲಿನಿಂದ ಅವನ ಹೆಂಡತಿ ಇಳಿದಳು. ಎದುರು ಬಾಗಿಲಿನವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅವಳು ಹುಬ್ಬು ಹಾರಿಸಿದಳು, ನಾನು ಗಲ್ಲಕ್ಕೆ ಬೆರಳಿಟ್ಟೆ. ಅಷ್ಟೇ. ಒಂದೇ ಓಣಿಯಲ್ಲಿ ಬೆಳೆದ ಗೆಳತಿಯರಾಗಿಬಿಟ್ಟೆವು.

ಮುಂದಿನ ವಾರ ಅವಳೇ ಒಂದು ಚೀಲ ಬೀಜ ತಂದು ನನ್ನ ಕೈಗೆ ಕೊಟ್ಟು, ಮೇಲಿನ ಮಾಳಿಗೆಯ ಕಡೆ ಕಣ್ಣು ತೋರಿಸಿ, ಒಲೆ ಹಚ್ಚು ಅಂತ ಸನ್ನೆ ಮಾಡಿದಳು.

ನಾನು ಸತ್ತದ್ದು

ನವರಾತ್ರಿ ಬಂತು. ಆಯುಧಪೂಜೆಗೆ ಎಲ್ಲರೂ ಲ್ಯಾಪ್‌ಟಾಪ್ ಹಿಡಿದುಕೊಂಡು ಮಣಿಪಾಲಕ್ಕೆ ಬರಬೇಕು ಅಂತ ಮೇಡಂ ಹುಕುಂ. ಬರಲಾಗದವರ ಮನೆಗೆ ಜನ ಕಳಿಸಿ ಲ್ಯಾಪ್‌ಟಾಪ್ ತರಿಸುತ್ತಾಳಂತೆ. ಕಾಪುವಿನ ಮನೆಗೆ ಬೀಗ. ಕೆಲಸ ಹೋಯಿತು ಅಜ್ಜಿ ಅಂತ ಮೊಮ್ಮಗಳು ತಲೆಗೆ ಕೈಯಿಟ್ಟು ಕೂತಳು.

"ಸೂತಕ ಅಂತ ಹೇಳು ಮಗಾ. ಸೂತಕದ ಮನೆಯ ಲ್ಯಾಪ್‌ಟಾಪ್ ಪೂಜೆಗೆ ಆಗುವುದಿಲ್ಲ" ಅಂದೆ.

"ಯಾರು ಸತ್ತದ್ದು ಅಂತ ಹೇಳಲಿ?"

"ಬೇರೆಯವರನ್ನು ಕೊಂದರೆ ಪಾಪ. ನನ್ನನ್ನೇ ಕೊಲ್ಲು."

ಹಾಗೆ ನಾನು ಮುಂಬೈಯಲ್ಲಿ, ತಂಗಿಯ ಮನೆಯಲ್ಲಿ, ನಿದ್ದೆಯಲ್ಲಿಯೇ ಹೋದೆ. ಕಷ್ಟದ ಸಾವು ಬೇಡ ಅಂತ ನಾನೇ ಹೇಳಿದ್ದೆ. ಆಫೀಸಿನವರೆಲ್ಲ ವಿಡಿಯೋದಲ್ಲಿ ಎದ್ದು ಮೌನವಾಗಿ ನಿಂತರು. ನಾನು ಬಾಗಿಲ ಸಂದಿಯಿಂದ ನೋಡಿದೆ. ಬದುಕಿರುವಾಗ ನನ್ನೆದುರು ಯಾರೂ ಅಷ್ಟು ಹೊತ್ತು ಬಾಯಿ ಮುಚ್ಚಿ ನಿಂತದ್ದಿಲ್ಲ. ಆಮೇಲೆ ನನ್ನನ್ನು ಒಮ್ಮೆಯೂ ನೋಡದ ಮೇಡಂ, ಅಜ್ಜಿ ಬಹಳ ಮಿತಭಾಷಿ ಇದ್ದಿರಬೇಕು ಅಂದಳು. ಮೊಮ್ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಹೆಗಲು ಅಲುಗಾಡುತ್ತಿತ್ತು. ಅಳುತ್ತಿದ್ದಾಳೆ ಅಂತ ತಿಳಿದು ಮೂರು ದಿನ ರಜೆ ಕೊಟ್ಟರು.

ಪಾಯಸ

ದೀಪಾವಳಿ ಕಳೆದ ಮೇಲೆ ಒಂದು ದಿನ. ಊರಲ್ಲಿ ರಾತ್ರಿ ಎಂಟು, ಅಲ್ಲಿ ಹೊತ್ತು ನೆತ್ತಿಯ ಹತ್ತಿರ. ಮೀಟಿಂಗ್ ಶುರುವಾಗಲಿಕ್ಕೆ ಯಾರೋ ಬರಬೇಕಿತ್ತು, ಅಷ್ಟರಲ್ಲಿ ಮೇಡಂ ಹರಟೆ ತೆಗೆದಳು. ನಾನು ಕಿಟಕಿಯ ಹತ್ತಿರ ಸಡಿಲವಾದ ಕಂಬಳಿಯನ್ನು ಹಿಡಿದುಕೊಂಡು ನಿಂತಿದ್ದೆ. ಮೇಡಂ ಹೇಳುತ್ತಿದ್ದದ್ದು ಪಡುಬಿದ್ರಿಯ ಒಂದು ಹಳೆಯ ಮದುವೆಯ ಕಥೆ. ಪಾಯಸದಲ್ಲಿ ನೊಣ ಬಿತ್ತು ಅಂತ ಎರಡು ಕಡೆಯವರಿಗೂ ಜಗಳವಾಗಿ ಇಂದಿಗೂ ಮಾತಿಲ್ಲ ಅಂದಳು.

ನೊಣ. ಆ ಮದುವೆಯಲ್ಲಿ ಅಡುಗೆಗೆ ನೆರೆಕರೆಯವರೆಲ್ಲ ಸೇರಿದ್ದೆವು, ಪಾಯಸದ ಕೊಪ್ಪರಿಗೆಯ ಹತ್ತಿರ ಇದ್ದದ್ದು ನಾನು. ತಡೆಯಲಿಕ್ಕೆ ನೋಡಿದೆ, ಮೊಮ್ಮಗಳ ಮುಖವನ್ನೂ ನೋಡಿದೆ, ಆಗಲಿಲ್ಲ. "ನೊಣ ಅಲ್ಲ ಮಾರಾಯ್ತಿ" ಅಂತ ಲ್ಯಾಪ್‌ಟಾಪಿನ ಮುಂದೆ ಹೋದೆ. "ಮದುಮಗನ ತಾಯಿ ಬಗ್ಗಿ ನೋಡುವಾಗ ಅವಳ ಚೌರಿ, ಆ ಕಟ್ಟುಕೂದಲು, ಇಡಿಯಾಗಿ ಪಾಯಸಕ್ಕೆ ಬಿತ್ತು. ಸೌಟಿನಲ್ಲಿ ತೆಗೆದವಳು ನಾನು. ತೆಗೆದದ್ದನ್ನು ಅಡುಗೆಯವರೆಲ್ಲ ನೋಡುವ ಹಾಗೆ ನಾನು ಎತ್ತಿ ಹಿಡಿದೆ ಅಂತಲೇ ಆ ಜಗಳ, ಪಂಕ್ತಿಯಲ್ಲಿ ಕೂತವರಿಗೆ ನೊಣ ಅಂತ ಹೇಳಿದ್ದು."

ಮೊಮ್ಮಗಳು "ಅಜ್ಜಿ" ಅಂತ ಕಿರುಚಿದಳು. ಆಗ ನೋಡುತ್ತೇನೆ, ಕಂಬಳಿ ನನ್ನ ಕೈಯಲ್ಲೇ ಬಂದಿದೆ. ಕಾಪುವಿನಲ್ಲಿ ರಾತ್ರಿ ಎಂಟು ಗಂಟೆಗೆ ಝಗಝಗ ಸೂರ್ಯ, ಅದರ ನಡುವೆ ಸತ್ತ ನಾನು.

ಮೇಡಂ ಮೆಲ್ಲಗೆ, "ಅಜ್ಜಿ, ನೀವು ತೀರಿಕೊಂಡಿದ್ದೀರಲ್ವಾ?" ಅಂದಳು.

"ಹೌದು. ಆದರೆ ಸುಳ್ಳು ಕಥೆ ಕೇಳಿಕೊಂಡು ಮಲಗಿರಲಿಕ್ಕೆ ಆಗುತ್ತದಾ?" ಅಂದೆ.

ಮೊಮ್ಮಗಳು ಈ ಸಲ ನಿಜವಾಗಿ ಅತ್ತಳು. ಬಂದರು, ಕಂಬಳಿ, ಮೈನ್ ಸ್ವಿಚ್, ಎಲ್ಲ ಹೇಳಿದಳು. ಮೇಡಂ ಚೆನ್ನಾಗಿ ಬೈದಳು, ಎರಡು ದಿನ ಏನೂ ಹೇಳದೆ ಕಾಡಿಸಿದಳು. ಮೂರನೇ ದಿನ ಫೋನ್ ಮಾಡಿ, ಕೆಲಸದಲ್ಲಿ ತಪ್ಪಿಲ್ಲದ್ದರಿಂದ ಮೇಲಿನವರ ಕಾಲು ಹಿಡಿದು ಒಪ್ಪಿಸಿದ್ದೇನೆ, ವರ್ಷ ಮುಗಿಯುವವರೆಗೆ ಅಲ್ಲಿಂದಲೇ ಮಾಡು, ಆ ಕಂಬಳಿ ಮಾತ್ರ ತೆಗೆ, ನೋಡಿದರೆ ಸೆಕೆಯಾಗುತ್ತದೆ ಅಂದಳು.

ನಾನು ಈಗ ಕಾಪುವಿನಲ್ಲಿದ್ದೇನೆ. ಇಲ್ಲಿ ಸೂರ್ಯ ತಾನಾಗಿಯೇ ಕಡಲಿಗೆ ಇಳಿಯುತ್ತಾನೆ, ನನ್ನನ್ನು ಯಾರೂ ಕೇಳುವುದಿಲ್ಲ. ಒಮ್ಮೊಮ್ಮೆ ಸಂಜೆ ಕೈ ಸುಮ್ಮನೆ ಕಂಬಳಿ ಹುಡುಕುತ್ತದೆ. ಎದುರು ಬಾಗಿಲಿನವಳು ಫೋನಿನಲ್ಲಿ ಮಾತು ತುಂಬಿಸಿ ಕಳಿಸುತ್ತಾಳೆ. ಒಂದು ಅಕ್ಷರ ಅರ್ಥವಾಗುವುದಿಲ್ಲ, ಆದರೆ ಅವಳ ಉಸಿರಿನಲ್ಲೇ ತಿಳಿಯುತ್ತದೆ, ಐದನೇ ಮಾಳಿಗೆಯವನು ಮತ್ತೆ ಶುರುಮಾಡಿದ್ದಾನೆ.

ಮೊನ್ನೆ ಮೇಡಂ ಮನೆಗೇ ಬಂದಳು. ಅಂಗಳದಿಂದಲೇ, ನೀವು ಸತ್ತದ್ದರ ಬೊಜ್ಜದ ಊಟಕ್ಕೆ ಕರೆಯಲಿಲ್ಲವಲ್ಲ, ಅದಕ್ಕೆ ನಾವೇ ಬಂದೆವು ಅಂದಳು. ಜೊತೆಯಲ್ಲಿ ಶಿರ್ವದ ಅವಳ ತಾಯಿ, ಮುದುಕಿ, ಕೋಲು ಹಿಡಿದು ಹಿಂದೆ ಬರುತ್ತಿದ್ದರು. ಅವರು ಮೆಟ್ಟಿಲು ಹತ್ತುವ ಮೊದಲೇ ಮೇಡಂ ನನ್ನ ಕಿವಿಯಲ್ಲಿ, "ಅಜ್ಜಿ, ಆ ಚೌರಿಯ ವಿಷಯ ಅಮ್ಮನ ಹತ್ತಿರ ಎತ್ತಬೇಡಿ. ಆ ಮದುವೆಯಲ್ಲಿ ಅವರೂ ಊಟಕ್ಕೆ ಕೂತಿದ್ದರು" ಅಂದಳು.

ಬ್ರೆಜಿಲಿನ ಗುಟ್ಟೇ ಕಾಯಲಾಗದವಳು ನಾನು. ಆದರೂ ತುಟಿ ಬಿಗಿದು ಚಹಾ ಇಟ್ಟೆ. ಆ ತಾಯಿ ಕೂತು, ಸುಧಾರಿಸಿಕೊಂಡು, ನನ್ನ ಕೈ ಹಿಡಿದುಕೊಂಡರು.

"ಪಡುಬಿದ್ರಿಯ ಆ ಮದುವೆಯಲ್ಲಿ ಕೊಪ್ಪರಿಗೆಯ ಹತ್ತಿರ ಇದ್ದದ್ದು ನೀವೇ ಅಂತೆ ಅಲ್ವಾ? ಜಗಳ ಮಾಡಿ ಎದ್ದವರು ಏಳಲಿ ಅಂತ ನಾನು ಮೂರು ಸಲ ಹಾಕಿಸಿಕೊಂಡೆ. ಅಂಥ ಪಾಯಸ ಮತ್ತೆ ಎಲ್ಲಿಯೂ ಸಿಗಲಿಲ್ಲ. ಸಾಯುವ ಮೊದಲು ಒಂದು ಹೇಳಿಬಿಡಿ, ಅದಕ್ಕೆ ಎಂತ ಹಾಕಿದ್ದಿರಿ?"