ಹಾಲಿನ ಪುಡಿಯ ಡಬ್ಬಿ

ಹಾಲಿನ ಪುಡಿ ಕದ್ದಳೆಂದು ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಮುದಕವ್ವನನ್ನು ಕೆಲಸದಿಂದ ತೆಗೆದರು. ಖಾಲಿ ಡಬ್ಬಿ ಅಡುಗೆ ಕೋಣೆಯ ಹಿಂದೆ ಬಿದ್ದಿತ್ತು.

ಮರುದಿನ ಹಿರೇಕೆರೂರು ಸೀಮೆಯ ಆ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಫಕ್ಕೀರೇಶನ ಕೈಗೆ ಸೌಟು ಬಂತು. "ಕೆಮಿಸ್ಟ್ರಿ ಕಲ್ತೀರಿ, ಸಾರು ಕುದಸಾಕ ಬರೂದಿಲ್ಲೇನು?" ಎಂದರು ಹೆಡ್‌ಮಾಸ್ತರರು. ಅವನ ಸಾರು ಹತ್ತಿಯ ಹುಳಕ್ಕೆ ಹೊಡೆಯುವ ಎಣ್ಣೆಯಂತಿತ್ತು. ಉಂಡ ಮಕ್ಕಳು ಉದುರಿದ ಹುಳುಗಳಂತೆ ಬೆಂಚಿಗೆ ಒರಗುತ್ತಿದ್ದರು.

ಮುದಕವ್ವ ಮರಳಿದರಷ್ಟೇ ಸೌಟಿನಿಂದ ಬಿಡುಗಡೆ. ಹೀಗಾಗಿ ಫಕ್ಕೀರೇಶ ಒಂಬತ್ತನೆಯ ತರಗತಿಗೆ ಕಳ್ಳನನ್ನು ಹಿಡಿಯುವ ಪ್ರಯೋಗ ಇಟ್ಟ. ಬಾಳೆಹಣ್ಣು ಹಿಂಡಿ ಡಿಎನ್‌ಎ ತೆಗೆದಿದ್ದ ಮಕ್ಕಳು ಈಗ ಬೆರಳ ಗುರುತಿಗೆ ಇಳಿದರು. ಗುರುತು ಎಬ್ಬಿಸುವ ಪುಡಿ ಇರಲಿಲ್ಲ, ಹೆಡ್‌ಮಾಸ್ತರರ ವಿಭೂತಿ ಅರೆದರು. ಬಣ್ಣದ ಕುಂಚದಿಂದ ಉದುರಿಸಿದಾಗ ಡಬ್ಬಿಯ ಮೇಲೆ ಎದ್ದದ್ದು ಒಬ್ಬರದೇ ಬೆರಳು.

ಶಾಲಾ ಸಮಿತಿಯ ಅಧ್ಯಕ್ಷ ಮಲ್ಲೇಶಪ್ಪ ತನಿಖೆ ನೋಡಲು ಬಂದಿದ್ದ. ಆ ಡಬ್ಬಿಯನ್ನು ಕಣ್ಣಿಂದಲೂ ಕಂಡಿಲ್ಲ ಎಂದ.

"ಹಂಗಾರ ಹೆಬ್ಬೆಟ್ಟು ಒತ್ರಿ," ಎಂದ ಫಕ್ಕೀರೇಶ.

"ನಾ ಏನ್ ಸಾಲಿ ಕಲೀದಾವನೇನು? ಸಹಿ ಮಾಡ್ತೇನಿ, ತಗೋ."

ಬೋರ್ಡಿನ ಮೇಲೆ ಉದ್ದಕ್ಕೆ ಸಹಿ ಹಾಕಿ, ಚಹಾ ಕುಡಿದು, ಸ್ಟೀಲಿನ ಲೋಟ ಇಟ್ಟು ಹೋದ. ಶೈಲಶ್ರೀ ಎಂಬ ಹುಡುಗಿ ಅದನ್ನು ಚೇಳು ಹಿಡಿದಂತೆ ಅಂಚಿನಲ್ಲಿ ಹಿಡಿದು ವಿಭೂತಿ ಉದುರಿಸಿದಳು.

"ಸರ, ಹೆಬ್ಬೆರಳ ನಡುವ ಗಾಯದ ಗೆರಿ ಐತ್ರಿ. ಡಬ್ಬಿ ಮ್ಯಾಲೂ ಅದ."

ಸಂಜೆಗೆ ಸಮಿತಿ ಸೇರಿತು. ಫಕ್ಕೀರೇಶ ಡಬ್ಬಿ, ಲೋಟ ಎರಡನ್ನೂ ಮುಂದಿಟ್ಟು ಗುರುತು ತೋರಿಸಿದ. ಅಧ್ಯಕ್ಷರು ಸ್ವಂತ ಕೈಯಿಂದ ಡಬ್ಬಿ ತಪಾಸಣೆ ಮಾಡಿದ್ದಕ್ಕೆ ಅಭಿನಂದನೆಯ ಠರಾವು ಪಾಸಾಯಿತು. ಹಾರ ತಂದವರು ಹೆಡ್‌ಮಾಸ್ತರರು. ಅದೇ ಉದಾರ ಗಳಿಗೆಯಲ್ಲಿ ಮುದಕವ್ವನನ್ನೂ ಕ್ಷಮಿಸಲಾಯಿತು.

ಫಕ್ಕೀರೇಶ ಸೌಟು ಹಿಡಿದೇ ಅವಳ ಮನೆಗೆ ಓಡಿದ. ಮುದಕವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಮುದಕವ್ವ, ನಿನಗ ಮಾಫಿ ಸಿಕ್ಕೈತಿ. ಮಲ್ಲೇಶಪ್ಪನೋರ ಕಾಲು ಮುಟ್ಟಿ, ನಾಳಿಂದ ಒಲಿ ಹಚ್ಚು. ಅಷ್ಟ."

"ಮಾಫಿ ಯಾತಕ್ಕರಿ ಸರ?"

"ಕದ್ದದ್ದಕ್ಕ."

"ಕದ್ದಾವ್ರು ಯಾರಂತ ನಿಮ್ಮ ಹುಡುಗ್ರು ತೋರಿಸ್ಯಾರಂತಲ್ರಿ?"

ಫಕ್ಕೀರೇಶ ಸೌಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಅದು ವಿಜ್ಞಾನ, ಯವ್ವಾ. ಇದು ಠರಾವು."

ಮುದಕವ್ವ ಮೊರ ಕೊಡವಿದಳು. ಹೊಟ್ಟು ಹಾರಿ ಮಾಸ್ತರನ ಅಂಗಿಯ ಮೇಲೆ ಕುಂತಿತು.

"ಹಂಗಾರ ನಾ ಬರೂದಿಲ್ರಿ. ಸೌಟು ನಿಮಗ ಚಲೋ ಒಪ್ತೈತಿ, ನೀವ ಇಟಗೋರಿ."