ನಾಲ್ಕನೆಯ ಬಣ್ಣ

ಬಣ್ಣಗಳ ವಿಷಯದಲ್ಲಿ ಇಡೀ ಬ್ರಾಜಾವಿಲ್ ಪಟ್ಟಣಕ್ಕೆ ನಾನೇ ಸುಪ್ರೀಂ ಕೋರ್ಟು! ಮೈಮೇಲೆ ಮೂರೇ ಬಣ್ಣ ಇರಬೇಕು. ನಾಲ್ಕನೆಯದು ಬಂತೋ, ಅವನು ಸೊಗಸುಗಾರನಲ್ಲ, ಗಿಳಿ! ಇದು ನಮ್ಮ ಬಕೊಂಗೋ ಬಡಾವಣೆಯ ಸೊಗಸುಗಾರರ ಸಂಘದ ವೇದವಾಕ್ಯ.

ಸೊಗಸುಗಾರರ ದೊರೆ, ದಿವಂಗತ ಗಾಯಕ ಪಾಪಾ ಲುಮಿಯೇರ್ ಅವರ ಪುಣ್ಯತಿಥಿಯ ಮೆರವಣಿಗೆಗೆ ಮುಂದಾಳನ್ನು ಆರಿಸುವ ದಿನ ಅದು. ಆಯ್ಕೆ ಅವರ ಮ್ಯೂಸಿಯಂ ಅಂಗಳದಲ್ಲೇ. ನೀಲಿ ಸೂಟು, ಕೆಂಪು ಟೈ, ಉಳಿದದ್ದೆಲ್ಲ ಹಾಲುಬಿಳುಪು. ಗೆಲುವು ನನ್ನದೇ ಎಂದು ಹೊರಟೆ.

"ಒಳಗೆ ಏನನ್ನೂ ಮುಟ್ಟಬೇಡಿ" ಎಂದಳು ಜೊತೆಗೆ ಬಂದ ಹೆಂಡತಿ ಫಿಲೋಮೆನ್, ಮ್ಯೂಸಿಯಂ ಬಾಗಿಲಲ್ಲಿ.

"ನಾನೇನು ಮಗುವಾ?"

"ಮಗುವಾಗಿದ್ರೆ ಬೆನ್ನಿಗೆ ಕಟ್ಕೊಂಡು ಬರ್ತಿದ್ದೆ!"

ಒಳಗೆ ಪಾಪಾ ಅವರ ಗರಿ ಟೋಪಿಗಳು, ಮೊಸಳೆ ಚರ್ಮದ ಬೂಟುಗಳು, ಕಾರಿಗೊಂದರಂತೆ ಕೊಂಡ ಕನ್ನಡಕಗಳು. ನಡುವೆ ಅವರದೇ ಎತ್ತರದ ಗೊಂಬೆ. ಗುಲಾಬಿ ಕೋಟು, ಬಿಳಿ ಪ್ಯಾಂಟು ಬೂಟು, ಹಸಿರು ಟೈ, ಹಳದಿ ಕಾಲುಚೀಲ... ಅಯ್ಯೋ! ನಾಲ್ಕು! ನಮ್ಮ ದೊರೆಯನ್ನು ಯಾರೋ ಗಿಳಿ ಮಾಡಿದ್ದರು!

"ಇದನ್ನ ನೋಡ್ಕೊಂಡು ಸುಮ್ಮನಿರೋಕಾಗುತ್ತಾ?" ಎಂದೆ.

"ಆಗುತ್ತೆ. ನೋಡಿ, ನಾನು ಸುಮ್ಮನಿದ್ದೀನಿ."

ನಾನು ಗೊಂಬೆಯ ಸುತ್ತ ಕಟ್ಟಿದ್ದ ಹಗ್ಗ ದಾಟಿಯಾಗಿತ್ತು! ಅದರ ಬೂಟು ಕಳಚಿ, ಹಳದಿ ಕಾಲುಚೀಲ ಎಳೆದು ತೆಗೆದು, ನನ್ನ ಬಿಳಿಯದನ್ನು ಗೊಂಬೆಗೆ ಏರಿಸಿ ಬೂಟು ತೊಡಿಸಿದೆ. ದೊರೆಯ ಮಾನ ಉಳಿಯಿತು! ಅಷ್ಟರಲ್ಲಿ ಕಾವಲುಗಾರನ ಹೆಜ್ಜೆ ಸದ್ದು. ಹಳದಿಯನ್ನು ಜೇಬಿಗಿಡೋಣವೆಂದರೆ ಜೇಬು ಉಬ್ಬುವುದು ನಮ್ಮಲ್ಲಿ ಮಹಾಪಾಪ; ಬರಿಗಾಲಿಗೆ ಬೂಟಂತೂ ನರಕವೇ! ಬೇರೆ ದಾರಿ ಕಾಣದೆ ನಾನೇ ಹಾಕಿಕೊಂಡೆ.

ಅಂಗಳದಲ್ಲಿ ಸ್ಪರ್ಧೆ ಶುರುವಾಯಿತು. ನಾನು ನಡೆದೆ, ತಿರುಗಿದೆ, ಕೋಟು ಬಿಚ್ಚಿ ಒಳಗಿನ ಲೇಬಲ್ ತೋರಿಸಿದೆ. ಚಪ್ಪಾಳೆಯೋ ಚಪ್ಪಾಳೆ! ಆ ಮತ್ತಿನಲ್ಲಿ, ಪದ್ಧತಿಯಂತೆ, ಎರಡೂ ಕೈಯಿಂದ ಪ್ಯಾಂಟು ಮೇಲೆತ್ತಿದೆ.

ಎಲ್ಲರ ಕಣ್ಣೂ ನನ್ನ ಕಾಲುಚೀಲಕ್ಕೆ ಅಂಟಿಕೊಂಡವು.

"ನೀಲಿ, ಬಿಳಿ, ಕೆಂಪು..." ಎಂದು ಎಣಿಸುತ್ತ ಬಂದ ನನ್ನ ಎದುರಾಳಿ ಆನ್ಸೆಲ್ಮ್. "ಹಳದಿ! ಗಿಳಿ ಕಣ್ರೋ, ಗಿಳಿ! ಗಾಸ್ಪಾರಣ್ಣ, ಮೆರವಣಿಗೆಗೆ ಬರ್ತೀಯೋ, ಮರಕ್ಕೆ ಹಾರ್ತೀಯೋ?"

ಬಣ್ಣದ ಪಂಡಿತನ ಬಣ್ಣವೇ ಬಯಲಾಗಿತ್ತು! ನಿಜ ಹೇಳಿದರೆ ಕಳ್ಳ, ಹೇಳದಿದ್ದರೆ ಗಿಳಿ. ಗಿಳಿಯಾಗಿಯೇ ಉಳಿದೆ. ಮುಂದಾಳುತನ ಆನ್ಸೆಲ್ಮ್‌ನ ಪಾಲಾಯಿತು. ಹೊಟ್ಟೆ ಉರಿದು ಬೂದಿಯಾಯಿತು.

ಸಂಘದ ಅಧ್ಯಕ್ಷರು ಅಲ್ಲಿಗೂ ಬಿಡಲಿಲ್ಲ. ನನ್ನ ಕಿವಿ ಹಿಂಡುವುದೊಂದು ಬಾಕಿ ಅನ್ನುವಂತೆ, ಎಲ್ಲರ ಜೊತೆ ಗೊಂಬೆಯ ಮುಂದೆ ತಂದು ನಿಲ್ಲಿಸಿದರು.

"ನೋಡಿ ಕಲಿ! ಗುಲಾಬಿ, ಬಿಳಿ, ಹಸಿರು. ಕಾಲುಚೀಲ ನೋಡು, ಎಂಥ ಬಿಳಿ! ದೊರೆ ಅಂದ್ರೆ ದೊರೆ!"

ಭಕ್ತಿ ಉಕ್ಕಿ ಅವರು ಮಂಡಿಯೂರಿ ಗೊಂಬೆಯ ಕಾಲುಚೀಲಕ್ಕೆ ಮುಖ ಒತ್ತಿದರು. ಒಂದು ಕ್ಷಣ ಮೂಗು ಅರಳಿತು. ಕಣ್ಣಲ್ಲಿ ನೀರು ತುಂಬಿತು.

"ಪವಾಡ! ಸತ್ತು ಇಷ್ಟು ವರ್ಷವಾದ್ರೂ ದೊರೆಯ ಬೆವರಿನ ವಾಸನೆ ಇನ್ನೂ ಹಾಗೇ ಇದೆ!"

ಎಲ್ಲರೂ ಟೋಪಿ ತೆಗೆದರು. ನಾನೂ ತಲೆ ತಗ್ಗಿಸಿದೆ. ಆದರೆ ದೊರೆಯ ಮೇಲೆ ಬಂದ ಈ ಅಪವಾದವನ್ನು ನನ್ನ ಫಿಲೋಮೆನ್ ಸಹಿಸಲಿಲ್ಲ.

"ಸತ್ತವರ ಮೇಲೆ ಯಾಕೆ ಹಾಕ್ತೀರಿ ಅಧ್ಯಕ್ಷರೇ? ಅದು ನಮ್ಮನೆಯವರದು! ಕಳೆದ ಭಾನುವಾರದಿಂದ ಒಗೆಯೋಕೆ ಕೊಡಿ ಅಂತ ಬಡ್ಕೋತಾನೇ ಇದ್ದೀನಿ!"